ಗಟ್ಟಿಯಾಗಿ ಓದಬಾರದ ಪುಸ್ತಕ

2001ನೇ ಇಸವಿ ಜುಲೈ 16ರಂದು ಅಮೆರಿಕದ ಲಾಸ್ ವೇಗಸ್ ನಗರದಲ್ಲಿ ರಷ್ಯಾದ ಒಬ್ಬ ಯುವಕನನ್ನು ಎಫ್‌ಬಿಐ ಪೊಲೀಸರು ಬಂಧಿಸಿದರು. ಹೆಸರು ದಿಮಿತ್ರಿ ಸ್ಕ್ಲ್ಯಾರೊವ್. ಇನ್ನೂ ಮೂವತ್ತು ತುಂಬಿರಲಿಲ್ಲ. ಮಾಸ್ಕೋದಲ್ಲಿ ಎಲ್ಕಾಮ್‌ಸಾಫ್ಟ್ ಎಂಬ ಕಂಪನಿಯಲ್ಲಿ ಸಂಬಳಕ್ಕೆ ಪ್ರೋಗ್ರಾಮ್ ಬರೆಯುತ್ತಿದ್ದವನು. ಜೊತೆಗೆ ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ. ಊರಲ್ಲಿ ಹೆಂಡತಿ, ಇಬ್ಬರು ಸಣ್ಣ ಮಕ್ಕಳು. ಕಂಪ್ಯೂಟರ್ ಬಲ್ಲವರ ಒಂದು ಸಮ್ಮೇಳನಕ್ಕೆ ಬಂದು, ಭಾಷಣ ಮಾಡಿ, ಇನ್ನೇನು ಊರಿಗೆ ಹೊರಡಬೇಕು ಅನ್ನುವಾಗ ಹಿಡಿದರು. ಅವನು ಯಾರನ್ನೂ ಕೊಂದಿರಲಿಲ್ಲ. ಯಾವ ಬ್ಯಾಂಕನ್ನೂ ದೋಚಿರಲಿಲ್ಲ. ಬೀಗ ಹಾಕಿದ ಪುಸ್ತಕದ ಬೀಗ ತೆಗೆಯುವ ಒಂದು ಪ್ರೋಗ್ರಾಮ್ ಬರೆದಿದ್ದ. ಅಷ್ಟೇ.

ಪುಸ್ತಕಕ್ಕೂ ಬೀಗವೇ ಅಂತ ನಮ್ಮ ಹಳ್ಳಿ ಮೇಷ್ಟ್ರುಗಳು ಕೇಳಬಹುದು. ಉಂಟು. ಕಂಪ್ಯೂಟರಿನಲ್ಲೋ ಫೋನಿನಲ್ಲೋ ಓದುವ ಪುಸ್ತಕವನ್ನು ಮಾರುವ ಕಂಪನಿ ಅದರ ಅಕ್ಷರಗಳನ್ನೆಲ್ಲ ಕಲಸಿ ಗೋಜಲು ಮಾಡಿ ಇಟ್ಟಿರುತ್ತದೆ. ದುಡ್ಡು ಕೊಟ್ಟವನಿಗೆ ಗೋಜಲು ಬಿಡಿಸುವ ಕೀಲಿ ಕೊಡುತ್ತದೆ. ಆದರೆ ಕೀಲಿ ಅವನ ಕೈಗೆ ಬರುವುದಿಲ್ಲ. ಕಂಪನಿಯ ಓದುವ ಪ್ರೋಗ್ರಾಮಿನ ಹೊಟ್ಟೆಯೊಳಗೇ ಅಡಗಿರುತ್ತದೆ. ಪುಟ ತೆರೆಯಬೇಕೋ ಬೇಡವೋ, ಒಂದು ಸಾಲು ನಕಲು ಮಾಡಬಹುದೋ ಇಲ್ಲವೋ, ಇನ್ನೊಂದು ಯಂತ್ರಕ್ಕೆ ಒಯ್ಯಬಹುದೋ ಇಲ್ಲವೋ, ಎಲ್ಲಕ್ಕೂ ಆ ಪ್ರೋಗ್ರಾಮಿನ ಅಪ್ಪಣೆ ಬೇಕು. ಸ್ಕ್ಲ್ಯಾರೊವ್ ಬರೆದದ್ದು ಆ ಕೀಲಿಯನ್ನು ಹುಡುಕಿ ತೆಗೆದು, ಅಡೋಬಿ ಕಂಪನಿಯ ಬೀಗ ಹಾಕಿದ ಪುಸ್ತಕವನ್ನು ಸಾಮಾನ್ಯ ಪುಸ್ತಕ ಮಾಡಿಕೊಡುವ ಪ್ರೋಗ್ರಾಮ್. ಒಂದು ಮಾತು ನೆನಪಿಡಬೇಕು: ಅದು ಕೆಲಸ ಮಾಡುತ್ತಿದ್ದುದು ದುಡ್ಡು ಕೊಟ್ಟು ಕೊಂಡವನ ಯಂತ್ರದಲ್ಲಿ ಮಾತ್ರ, ಯಾಕೆಂದರೆ ಕೀಲಿ ಇರುತ್ತಿದ್ದುದೇ ಅಲ್ಲಿ. ಕೊಂಡವನು ತಾನು ಕೊಂಡದ್ದರ ಬಾಗಿಲು ತೆರೆದುಕೊಳ್ಳುವ ಉಪಾಯ ಅದು.

ಅದೇ ಕಾಲದಲ್ಲಿ ಅದೇ ಅಡೋಬಿ ಓದುಗ ಪ್ರೋಗ್ರಾಮಿನಲ್ಲಿ ಬಂದ ಒಂದು ಪುಸ್ತಕದ ಸಂಗತಿ ಈಗಲೂ ಜಗತ್ತಿನ ತುಂಬ ಜನ ಹೇಳಿಕೊಂಡು ನಗುತ್ತಾರೆ. ಲೂಯಿಸ್ ಕ್ಯಾರಲ್ 1865ರಲ್ಲಿ ಮಕ್ಕಳಿಗಾಗಿ ಬರೆದ ಆಲಿಸಳ ಕತೆ. ಬರೆದವನು ಸತ್ತದ್ದು 1898ರಲ್ಲಿ. ಅದರ ಮೇಲೆ ಯಾರ ಗ್ರಂಥಸ್ವಾಮ್ಯವೂ ಉಳಿದಿರಲಿಲ್ಲ. ಅದು ಊರ ಸ್ವತ್ತು, ಬೇವಿನ ಮರದ ನೆರಳಿನ ಹಾಗೆ. ಆದರೂ ಅದಕ್ಕೆ ಹಚ್ಚಿದ್ದ ಅಪ್ಪಣೆಯ ಚೀಟಿಯಲ್ಲಿ ನಕಲು ಮಾಡುವ ಹಾಗಿಲ್ಲ ಎಂದು ಇತ್ತು, ಕೊನೆಗೆ ಈ ಪುಸ್ತಕವನ್ನು ಗಟ್ಟಿಯಾಗಿ ಓದುವಂತಿಲ್ಲ ಎಂದೂ ಇತ್ತು. ಗುಲ್ಲಾದ ಮೇಲೆ ಕಂಪನಿ ಸಮಜಾಯಿಷಿ ಕೊಟ್ಟಿತು: ತಾಯಿ ಮಗುವಿಗೆ ಓದಿ ಹೇಳಬಾರದು ಅಂತ ಅರ್ಥವಲ್ಲ, ಯಂತ್ರದ ಧ್ವನಿಯಲ್ಲಿ ಓದಿಸುವ ಸೌಲಭ್ಯವನ್ನು ಮುಚ್ಚಲಾಗಿದೆ ಅಂತ ಅರ್ಥ. ಸರಿ, ಒಪ್ಪೋಣ. ಆದರೆ ಯಂತ್ರದ ಧ್ವನಿಯಲ್ಲಿ ಓದಿಸಿಕೊಳ್ಳಬೇಕಾದವರು ಯಾರು? ಕಣ್ಣಿಲ್ಲದವರು. ಸಮಜಾಯಿಷಿ ಕೇಳಿದ ಮೇಲೆ ನಮಗೆ ನಗು ಬರಲಿಲ್ಲ.

ಗೆಳೆಯರೆ, ಈ ಅಪ್ಪಣೆಯ ಧಾಟಿ ನಮಗೆ ಹೊಸದಲ್ಲ. ಗೌತಮ ಧರ್ಮಸೂತ್ರದ ಹನ್ನೆರಡನೇ ಅಧ್ಯಾಯದಲ್ಲಿ ಶೂದ್ರ ವೇದವನ್ನು ಕೇಳಿಸಿಕೊಂಡರೆ ಕಿವಿಗೆ ಕಾಯಿಸಿದ ಸೀಸ ಅರಗು ಹೊಯ್ಯಬೇಕು, ಬಾಯಲ್ಲಿ ಹೇಳಿದರೆ ನಾಲಿಗೆ ಕತ್ತರಿಸಬೇಕು, ನೆನಪಲ್ಲಿ ಇಟ್ಟುಕೊಂಡರೆ ಮೈಯನ್ನೇ ಸೀಳಬೇಕು ಅನ್ನುವ ವಿಧಿ ಇದೆ. ಕೇಳುವುದು, ಹೇಳುವುದು, ಇಟ್ಟುಕೊಳ್ಳುವುದು. ಮೂರಕ್ಕೂ ಬೇರೆ ಬೇರೆ ಶಿಕ್ಷೆ. ಬೀಗದ ಪುಸ್ತಕದಲ್ಲೂ ಗಟ್ಟಿ ಓದು, ನಕಲು, ಸಂಗ್ರಹ ಅಂತ ಬೇರೆ ಬೇರೆ ಅಪ್ಪಣೆ. ಓದುವ ಕೆಲಸವನ್ನು ಹೀಗೆ ತುಂಡು ತುಂಡು ಮಾಡಿ ಒಂದೊಂದಕ್ಕೂ ಕಾವಲು ಕೂರಿಸುವ ಬುದ್ಧಿ ಎರಡು ಕಡೆಯೂ ಒಂದೇ ಹುಳಿಯಿಂದ ಹೆಪ್ಪಾದ ಹಾಗೆ ಕಾಣುತ್ತದೆ.

ಹಾಗಂತ ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ಕೈ ತೊಳೆದುಕೊಳ್ಳುವುದು ನಮಗೆ ಒಪ್ಪಿಗೆಯಿಲ್ಲ. ವೇದಿಕೆ ಮೇಲೆ ಇಂಥ ಹೋಲಿಕೆಗೆ ಚಪ್ಪಾಳೆ ಬೀಳುತ್ತದೆ, ನಿಜ. ಆದರೆ ಸೀಸ ಹೊಯ್ಯಿರಿ ಅಂದವನು ಹುಟ್ಟು ನೋಡಿ ಅಂದ. ಕಂಪನಿ ಹುಟ್ಟು ಕೇಳುವುದಿಲ್ಲ, ದುಡ್ಡು ಕೇಳುತ್ತದೆ. ದುಡ್ಡು ಇವತ್ತಿಲ್ಲದಿದ್ದರೆ ನಾಳೆ ಬರಬಹುದು, ಹುಟ್ಟು ಬರುವುದಿಲ್ಲ. ಸ್ಕ್ಲ್ಯಾರೊವ್‌ನನ್ನು ಏಕಲವ್ಯ ಅಂತ ಕರೆದವರೂ ಇರಬಹುದು. ಅವನು ಏಕಲವ್ಯನಲ್ಲ. ಓದಿದವನು, ಸಂಬಳದವನು, ಅವನ ಬೆನ್ನಿಗೆ ಒಂದು ಕಂಪನಿ ಇತ್ತು, ಅವನ ಬಿಡುಗಡೆಗೆ ಅಮೆರಿಕದ ಬೀದಿಗಳಲ್ಲೇ ಜನ ಭಿತ್ತಿಪತ್ರ ಹಿಡಿದು ನಿಂತರು. ನಮ್ಮ ಹಟ್ಟಿಯ ಹುಡುಗನನ್ನು ಸ್ಟೇಷನ್ನಿಗೆ ಎಳೆದುಕೊಂಡು ಹೋದಾಗ ಯಾರು ನಿಂತಿದ್ದಾರೆ? ಆದ್ದರಿಂದ ಹೋಲಿಕೆಯ ಆಸೆ ಬಿಟ್ಟು ಸಂಗತಿಯನ್ನೇ ನೋಡೋಣ.

ಹೋಲಿಸಲೇಬೇಕು ಅಂದರೆ ಮಹಾಡ್ ಹತ್ತಿರದ ಹೋಲಿಕೆ. 1923ರಲ್ಲಿ ಮುಂಬಯಿ ಶಾಸನಸಭೆ ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ಮುಕ್ತ ಎಂದು ಗೊತ್ತುವಳಿ ಮಾಡಿತು. 1924ರಲ್ಲಿ ಮಹಾಡ್ ಪುರಸಭೆಯೂ ಚವದಾರ್ ಕೆರೆ ಎಲ್ಲರದೂ ಎಂದಿತು. ಹಕ್ಕು ಕಾಗದದ ಮೇಲಿತ್ತು. ನೀರು ಕೆರೆಯಲ್ಲಿತ್ತು. ನಡುವೆ ಮೆಟ್ಟಿಲು ಇಳಿಯುವುದು ಮಾತ್ರ ಅಪರಾಧ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಆ ಮೆಟ್ಟಿಲು ಇಳಿದರು. ಅದಕ್ಕೆ ಪ್ರತಿಫಲ ಹೊಡೆತ, ಆಮೇಲೆ ಕೆರೆಗೆ ಶುದ್ಧಿ, ಆಮೇಲೆ ಕೋರ್ಟು. ಮುಂಬಯಿ ಹೈಕೋರ್ಟಿನ ತೀರ್ಪು ಬರುವಾಗ 1937ರ ಮಾರ್ಚ್. ಇದ್ದ ಹಕ್ಕನ್ನು ಬಳಸಿದ್ದಕ್ಕೆ ಹತ್ತು ವರ್ಷದ ಅಲೆದಾಟ.

ಅಮೆರಿಕದ ಕಾಯಿದೆಯಲ್ಲೂ ಇಂಥದೇ ಒಂದು ಮೆಟ್ಟಿಲು ಇದೆ. ಅಲ್ಲಿ ಗ್ರಂಥಸ್ವಾಮ್ಯದ ಕಾಯಿದೆ ಓದುಗನಿಗೆ ನ್ಯಾಯವಾದ ಬಳಕೆ ಎಂಬ ಹಕ್ಕು ಕೊಟ್ಟಿದೆ: ವಿಮರ್ಶೆಗೆ ಒಂದು ಭಾಗ ಎತ್ತಿಕೊಳ್ಳಬಹುದು, ಪಾಠಕ್ಕೆ ಬಳಸಬಹುದು. 1998ರ ಅಕ್ಟೋಬರಿನಲ್ಲಿ ಡಿಜಿಟಲ್ ಮಿಲೇನಿಯಮ್ ಕಾಪಿರೈಟ್ ಆಕ್ಟ್ ಬಂತು. ಅದರ 1201ನೇ ಸೆಕ್ಷನ್ ಹೇಳುವುದು: ಕೃತಿಗೆ ಹಾಕಿದ ಡಿಜಿಟಲ್ ಬೀಗವನ್ನು ಮುರಿಯಬಾರದು, ಮುರಿಯುವ ಸಲಕರಣೆಯನ್ನು ಮಾಡಬಾರದು, ಮಾರಬಾರದು, ಹಂಚಬಾರದು. ದುಡ್ಡಿನ ಲಾಭಕ್ಕಾಗಿ ಬೇಕಂತಲೇ ಮಾಡಿದರೆ ಮೊದಲ ಸಲಕ್ಕೆ 5 ವರ್ಷದವರೆಗೆ ಜೈಲು, 5 ಲಕ್ಷ ಡಾಲರಿನವರೆಗೆ ದಂಡ. ಎರಡನೇ ಸಲ ಎಲ್ಲವೂ ಇಮ್ಮಡಿ. ಇದೇ ಸೆಕ್ಷನ್ನಿನ ಇನ್ನೊಂದು ಸಾಲು, ಇದರಿಂದ ನ್ಯಾಯವಾದ ಬಳಕೆಯ ಹಕ್ಕಿಗೆ ಏನೂ ಧಕ್ಕೆಯಿಲ್ಲ ಅಂತಲೂ ಹೇಳುತ್ತದೆ. ಹಕ್ಕು ಇದೆ, ಪುಸ್ತಕ ಇದೆ, ನಡುವಿನ ಬೀಗ ತೆಗೆಯುವವನು ಅಪರಾಧಿ.

ಕಣ್ಣಿಲ್ಲದವರ ವಿಚಾರದಲ್ಲಿ ಇದು ಎಷ್ಟು ವಿಚಿತ್ರವಾಯಿತು ನೋಡಿ. ಅಮೆರಿಕದಲ್ಲಿ ಮೂರು ವರ್ಷಕ್ಕೊಮ್ಮೆ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ಮುಖ್ಯಸ್ಥರ ಮುಂದೆ ಹೋಗಿ ವಿನಾಯಿತಿ ಬೇಡಬೇಕು. 2003ರಲ್ಲಿ, ಗಟ್ಟಿ ಓದಿಗೆ ಬೀಗ ಹಾಕಿದ ಪುಸ್ತಕಗಳ ಬೀಗ ತೆಗೆದುಕೊಳ್ಳಬಹುದು ಎಂದು ವಿನಾಯಿತಿ ಸಿಕ್ಕಿತು. ಆದರೆ ಆ ವಿನಾಯಿತಿ ತೆಗೆದುಕೊಳ್ಳುವವನಿಗೆ ಮಾತ್ರ. ತೆಗೆಯುವ ಸಲಕರಣೆ ಮಾಡಿಕೊಡುವವನಿಗೆ ಇಲ್ಲ. ಅಂದರೆ ಕುರುಡನೇ ಕೂತು ಪ್ರೋಗ್ರಾಮ್ ಬರೆದುಕೊಳ್ಳಬೇಕು! ಬಾವಿಯ ನೀರು ಸೇದು ಮಾರಾಯ, ಆದರೆ ನಿನಗೆ ಹಗ್ಗ ಹೊಸೆದುಕೊಟ್ಟವನನ್ನು ಜೈಲಿಗೆ ಹಾಕುತ್ತೇವೆ ಅಂದ ಹಾಗಾಯಿತು. ಸಾಲದ್ದಕ್ಕೆ ಮೂರು ವರ್ಷ ಆದ ಮೇಲೆ ಮತ್ತೆ ಹೋಗಿ ಬೇಡು. ಬೇಡಿ ಪಡೆಯೋದನ್ನ ಹಕ್ಕು ಅನ್ನೋದು ಹೇಗೆ?

ಮತ್ತೆ, ಈ ಬೀಗಗಳೇನು ಉಕ್ಕಿನ ಬೀಗಗಳೇ? ಸ್ಕ್ಲ್ಯಾರೊವ್ ಆ ಸಮ್ಮೇಳನದಲ್ಲಿ ಮಾಡಿದ ಭಾಷಣವೇ ಈ ಬೀಗಗಳ ಟೊಳ್ಳಿನ ಬಗ್ಗೆ. ಅವನು ತೋರಿಸಿದ ಒಂದು ಬೀಗದಲ್ಲಿ ಇಂಗ್ಲಿಷಿನ ಒಂದೊಂದು ಅಕ್ಷರವನ್ನೂ ಹದಿಮೂರು ಮನೆ ಆಚೆಗೆ ಸರಿಸಿ ಇಟ್ಟಿದ್ದರು, ಅಷ್ಟೇ. ಏಳನೇ ಕ್ಲಾಸಿನ ಹುಡುಗರು ಕ್ಲಾಸಿನಲ್ಲಿ ಗುಟ್ಟಿನ ಚೀಟಿ ಬರೆಯೋ ಲೆಕ್ಕ ಅದು. ಇಂಥದ್ದನ್ನು ನಂಬಿ ಪ್ರಕಾಶಕರು, ಲೇಖಕರು ದುಡ್ಡು ಕೊಟ್ಟಿರುತ್ತಾರೆ. ನಿಮ್ಮ ಬೀಗ ಟೊಳ್ಳು ಅಂತ ಹೇಳಿದವನು ಅವರಿಗೆ ಉಪಕಾರ ಮಾಡಿದನೋ ಅಪಕಾರವೋ? ಕಾಯಿದೆ ಬೀಗದ ಬಲ ನೋಡುವುದಿಲ್ಲ. ಬಾಗಿಲಿಗೆ ದಾರ ಕಟ್ಟಿದ್ದರೂ ಸಾಕು, ಕಟ್ಟಿದವನು ಅದನ್ನು ಬೀಗ ಅಂದರೆ ಅದು ಬೀಗ. ಊರ ಗುಡಿಯ ಬಾಗಿಲಲ್ಲೂ ನಮ್ಮನ್ನು ತಡೆದದ್ದು ಗೋಡೆಯೇನಲ್ಲ.

ಅವನನ್ನು ಹಿಡಿದದ್ದರಲ್ಲಿ ಒಂದು ಕಹಿ ತಮಾಷೆಯೂ ಇದೆ. ಎಲ್ಕಾಮ್‌ಸಾಫ್ಟ್ ಈ ಪ್ರೋಗ್ರಾಮನ್ನು ಸುಮಾರು 99 ಡಾಲರಿಗೆ ಮಾರುತ್ತಿತ್ತು. ಮಾರಿದ್ದು ಕಂಪನಿ, ಲಾಭ ಕಂಪನಿಯದು. ಆದರೆ ಪ್ರೋಗ್ರಾಮ್ ತೆರೆದ ಕೂಡಲೇ ಕಾಣುವ ಪರದೆಯಲ್ಲಿ ಕಾಪಿರೈಟ್ ಅಂತ ಇದ್ದ ಹೆಸರು ಸ್ಕ್ಲ್ಯಾರೊವ್‌ನದು. ಪೊಲೀಸರು ಕೋರ್ಟಿಗೆ ಕೊಟ್ಟ ಅರಿಕೆಯಲ್ಲಿ ಅದನ್ನೇ ಎತ್ತಿ ತೋರಿಸಿದರು. ಕಾಪಿರೈಟ್ ಕಾಯಿದೆ ಮುರಿದ ಅಂತ ಹಿಡಿಯೋದಕ್ಕೆ ಅವನ ಕಾಪಿರೈಟೇ ಸಾಕ್ಷಿ! ದುಡಿದವನ ಹೆಸರನ್ನು ವಸ್ತುವಿನ ಮೇಲೆ ಹಾಕುವುದು ಈ ವ್ಯವಸ್ಥೆಯಲ್ಲಿ ಬಹಳ ಅಪರೂಪ. ಹಾಕಿದಾಗ ಅದು ಗೌರವಕ್ಕೆ ಬರುತ್ತದೋ ಕೋಳಕ್ಕೆ ಬರುತ್ತದೋ ಹೇಳಲಾಗದು.

ಇನ್ನೊಂದು: ಆ ಪ್ರೋಗ್ರಾಮ್ ಬರೆದದ್ದು ಮಾಸ್ಕೋದಲ್ಲಿ. ಅಲ್ಲಿ ಅದು ಅಪರಾಧವಾಗಿರಲಿಲ್ಲ. ತನ್ನ ನೆಲದಲ್ಲಿ ತನ್ನ ನೆಲದ ಕಾನೂನಿನ ಪ್ರಕಾರ ಮಾಡಿದ ಕೆಲಸಕ್ಕೆ ಇನ್ನೊಬ್ಬರ ನೆಲದಲ್ಲಿ ಜೈಲು. ದೂರು ಕೊಟ್ಟ ಅಡೋಬಿ ಕಂಪನಿಯೇ ಜುಲೈ 23ರಂದು, ಜನ ಅದರ ಕಚೇರಿಯ ಮುಂದೆ ಸೇರಿದ ದಿನ, ಅವನನ್ನು ಬಿಟ್ಟುಬಿಡಿ ಎಂದು ಹೇಳಿಕೆ ಕೊಟ್ಟಿತು. ಆದರೆ ಗೌಡ ಬಿಟ್ಟರೂ ಅಮಲ್ದಾರ ಬಿಡಬೇಕಲ್ಲ! ಸರ್ಕಾರ ಬಿಡಲಿಲ್ಲ. ಮೂರು ವಾರ ಜೈಲಿನಲ್ಲಿದ್ದು ಆಗಸ್ಟ್ 6ರಂದು 50 ಸಾವಿರ ಡಾಲರ್ ಜಾಮೀನಿನ ಮೇಲೆ ಹೊರಬಂದ. ಊರಿಗೆ ಹೋಗುವ ಹಾಗಿರಲಿಲ್ಲ. ಆಗಸ್ಟ್ ಕೊನೆಗೆ ಆರೋಪಪಟ್ಟಿ. ಎಲ್ಲ ರುಜುವಾತಾದರೆ 25 ವರ್ಷದವರೆಗೆ ಶಿಕ್ಷೆ. ಡಿಸೆಂಬರಿನಲ್ಲಿ ಸರ್ಕಾರದ ಜೊತೆ ಒಪ್ಪಂದವಾಗಿ, ಕಂಪನಿಯ ವಿಚಾರಣೆಗೆ ಬಂದು ಸಾಕ್ಷಿ ಹೇಳುವ ಕರಾರಿನ ಮೇಲೆ ಅವನಿಗೆ ಊರ ದಾರಿ ತೆರೆಯಿತು. 2002ರ ಡಿಸೆಂಬರ್ 17ರಂದು ಸ್ಯಾನ್ ಹೋಸೆ ನಗರದ ಜ್ಯೂರಿ ಎಲ್ಕಾಮ್‌ಸಾಫ್ಟ್ ನಿರ್ದೋಷಿ ಎಂದಿತು. ಸಲಕರಣೆ ಕಾನೂನಿಗೆ ವಿರುದ್ಧವೇ ಇರಬಹುದು, ಆದರೆ ಕಾನೂನು ಮುರಿಯಬೇಕು ಅನ್ನುವ ಉದ್ದೇಶ ಇವರಿಗೆ ಇರಲಿಲ್ಲ ಅನ್ನೋದು ಆ ಸಾಮಾನ್ಯ ಜನರ ಅಭಿಪ್ರಾಯ. ಇದನ್ನು ಗೆಲುವು ಅನ್ನಬೇಕೇ? ಕಾಯಿದೆ ಹಾಗೇ ಇದೆ. ಒಬ್ಬ ತಂದೆ ಐದು ತಿಂಗಳು ಪರದೇಶದಲ್ಲಿ ಕೂತದ್ದು ಯಾವ ತೀರ್ಪಿನಲ್ಲೂ ಲೆಕ್ಕಕ್ಕೆ ಬರುವುದಿಲ್ಲ.

ಶಿಕ್ಷೆಗಿಂತ ಶಿಕ್ಷೆಯ ಹೆದರಿಕೆ ಹೆಚ್ಚು ಕೆಲಸ ಮಾಡುತ್ತದೆ ಅನ್ನೋದು ನಮ್ಮ ಕೇರಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಬ್ಬನಿಗೆ ಕಂಬಕ್ಕೆ ಕಟ್ಟಿ ಹೊಡೆದರೆ ಮೂರು ತಲೆಮಾರು ತಗ್ಗಿ ನಡೆಯುತ್ತದೆ. ಅದೇ 2001ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಎಡ್ವರ್ಡ್ ಫೆಲ್ಟನ್ ಮತ್ತು ಜೊತೆಗಾರರು ಸಂಗೀತ ಕಂಪನಿಗಳ ಹೊಸ ಬೀಗದ ದೋಷಗಳ ಬಗ್ಗೆ ಒಂದು ಪ್ರಬಂಧ ಬರೆದರು. ಬೀಗ ಮುರಿದು ತೋರಿಸಿ ಅಂತ ಸವಾಲು ಹಾಕಿದವರೂ ಅವರೇ. ಮುರಿದು ತೋರಿಸಿದ ಮೇಲೆ, ಇದನ್ನು ಓದಿದರೆ ಕಾನೂನು ಕ್ರಮ ಎದುರಿಸಬೇಕಾದೀತು ಅಂತ ಕಾಗದ ಬಂತು. ಏಪ್ರಿಲ್‌ನಲ್ಲಿ ಓದಬೇಕಿದ್ದ ಪ್ರಬಂಧವನ್ನು ಓದಲಿಲ್ಲ. ಅವರು ಕೋರ್ಟಿಗೆ ಹೋದ ಮೇಲೆ ಆಗಸ್ಟಿನಲ್ಲಿ ಬೇರೆ ಸಭೆಯಲ್ಲಿ ಮಂಡಿಸಿದರು. ಹಾಲೆಂಡಿನ ನೀಲ್ಸ್ ಫರ್ಗ್ಯುಸನ್ ಎಂಬ ತಜ್ಞ ಆ ವರ್ಷವೇ ಇಂಟೆಲ್ ಕಂಪನಿಯ ಒಂದು ಬೀಗದಲ್ಲಿ ದೋಷ ಕಂಡೆ ಅಂದ. ಏನು ದೋಷ ಅಂತ ಮಾತ್ರ ಹೇಳಲಿಲ್ಲ. ಕೆಲಸದ ಮೇಲೆ ಅಮೆರಿಕಕ್ಕೆ ಹೋಗಿ ಬರುವವನು ತಾನು, ಹೇಳಿದರೆ ಹಿಡಿಯುತ್ತಾರೆ ಅಂದ. ಜ್ಞಾನ ಇದ್ದೂ ಬಾಯಿ ಕಟ್ಟಿಕೊಂಡು ಕೂತ. ಅವನನ್ನು ನಾವು ಹೇಡಿ ಅನ್ನಲಾರೆವು.

ನಾರ್ವೆಯ ಕತೆ ಕೊಂಚ ಉಸಿರಾಡಿಸುತ್ತದೆ. ಯೋನ್ ಯೋಹಾನ್ಸನ್ ಎಂಬ ಹುಡುಗ 1999ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಹೆಸರು ಹೇಳದ ಇನ್ನಿಬ್ಬರ ಜೊತೆ ಸೇರಿ ಸಿನಿಮಾದ ಡಿವಿಡಿ ಬೀಗ ತೆಗೆಯುವ ಡಿಸಿಎಸ್ಎಸ್ ಎಂಬ ಪ್ರೋಗ್ರಾಮ್ ಹೊರಬಿಟ್ಟ. ಕೊಂಡ ಡಿವಿಡಿಯನ್ನು ತನ್ನ ಕಂಪ್ಯೂಟರಿನಲ್ಲಿ ನೋಡಬೇಕು ಅಂತ. ಅವನ ಮೇಲೆ ಕೇಸು ಹಾಕಿದರು. 2003ರ ಜನವರಿಯಲ್ಲಿ ಅಲ್ಲಿನ ಕೋರ್ಟು, ತಾನು ಕೊಂಡದ್ದನ್ನು ತಾನು ನೋಡುವುದು ಕಳ್ಳತನವಲ್ಲ ಅನ್ನುವ ಅರ್ಥದಲ್ಲಿ ಬಿಡುಗಡೆ ಮಾಡಿತು. ಡಿಸೆಂಬರಿನಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅಮೆರಿಕದಲ್ಲಿ ಅದೇ ಪ್ರೋಗ್ರಾಮನ್ನು ಪ್ರಕಟಿಸಿದ 2600 ಎಂಬ ಪತ್ರಿಕೆಯ ಮೇಲೆ ಸಿನಿಮಾ ಕಂಪನಿಗಳು ಕೇಸು ಹಾಕಿ 2000ದ ಆಗಸ್ಟಿನಲ್ಲಿ ಗೆದ್ದವು. ಪತ್ರಿಕೆ ಅದನ್ನು ಪ್ರಕಟಿಸುವ ಹಾಗಿಲ್ಲ, ಎಲ್ಲಿ ಸಿಗುತ್ತೆ ಅಂತ ದಾರಿ ತೋರಿಸುವ ಹಾಗೂ ಇಲ್ಲ. ಆಗ ಜನ ಏನು ಮಾಡಿದರು ಗೊತ್ತೇ? ಆ ಪ್ರೋಗ್ರಾಮನ್ನು ಅಂಗಿಗಳ ಮೇಲೆ ಅಚ್ಚು ಹಾಕಿಸಿಕೊಂಡು ತಿರುಗಿದರು. ಸೇತ್ ಶೋಯೆನ್ ಎಂಬ ಪ್ರೋಗ್ರಾಮರ್ ಆ ಇಡೀ ಲೆಕ್ಕಾಚಾರವನ್ನು ಹೈಕು ಪದ್ಯಗಳಲ್ಲಿ, ಜಪಾನಿನ ಮೂರು ಸಾಲಿನ ಆ ಪುಟ್ಟ ಪದ್ಯಗಳಲ್ಲಿ, ಕಟ್ಟಿಬಿಟ್ಟ. ಓದಿಕೊಂಡು ಹೋದರೆ ಪದ್ಯ, ಹಾಗೇ ಮಾಡಿದರೆ ಬೀಗ ತೆರೆಯುತ್ತೆ! ಈಗ ಹಿಡಿಯಿರಿ ನೋಡೋಣ, ಪದ್ಯಕ್ಕೆ ಕೋಳ ಹಾಕಿ ನೋಡೋಣ ಅಂತ.

ಪದ್ಯ ಬರೆಯುವ ನಮಗೆ ಇದು ಬಹಳ ಹಿಡಿಸಿತು ಅಂತ ಬೇರೆ ಹೇಳಬೇಕಿಲ್ಲ. ಆದರೆ 2001ರ ನವೆಂಬರಿನಲ್ಲಿ ಮೇಲ್ಮನವಿ ಕೋರ್ಟು ಹೇಳಿದ ಮಾತು ಇನ್ನೂ ಯೋಚನೆಗೆ ಹಚ್ಚುತ್ತದೆ. ಪ್ರೋಗ್ರಾಮ್ ಕೂಡ ಮಾತೇ ಹೌದು ಅಂತ ಕೋರ್ಟು ಒಪ್ಪಿತು. ಆದರೆ ಅದು ಬರೀ ಮಾತಲ್ಲ, ಕೆಲಸವನ್ನೂ ಮಾಡುತ್ತದೆ, ಹಾಗಾಗಿ ಆ ಕೆಲಸದ ಮಟ್ಟಿಗೆ ಅದನ್ನು ಕಟ್ಟಿಹಾಕಬಹುದು ಅಂದಿತು. ಅಂದರೆ ಏನು? ಏನನ್ನೂ ಮಾಡದ ಮಾತಿಗೆ ಪೂರ್ತಿ ಸ್ವಾತಂತ್ರ್ಯ, ಏನನ್ನಾದರೂ ಮಾಡಿಬಿಡುವ ಮಾತಿಗೆ ಕಡಿವಾಣ. ಕಾವ್ಯ ಕೆಲಸ ಮಾಡಬೇಕು, ಜನರ ಕೈಗೆ ಆಯುಧವಾಗಿ ಒದಗಬೇಕು ಅಂತ ಹಳ್ಳಿ ಹಳ್ಳಿಯಲ್ಲಿ ತಮಟೆ ಬಡಿದು ಹೇಳಿದವರು ನಾವು. ನಮ್ಮ ಮಾತುಗಳನ್ನು ಇಷ್ಟು ದಿನ ಸುಮ್ಮನೆ ಬಿಟ್ಟಿದ್ದಾರಲ್ಲ, ಅವು ಕೆಲಸ ಮಾಡುತ್ತಿಲ್ಲವೇನೋ!

ಇನ್ನು ಎದುರು ವಾದಕ್ಕೆ ಬರೋಣ. ಅದನ್ನು ತಳ್ಳಿಹಾಕಲು ನಾವು ಸಿದ್ಧರಿಲ್ಲ. ಬರೆಯುವವನಿಗೂ ಹೊಟ್ಟೆ ಇದೆ. ಎಲ್ಲವೂ ನಕಲಾದರೆ ಅವನ ಅನ್ನ ಎಲ್ಲಿಂದ ಬರಬೇಕು? ಅಕ್ಷರದ ಕುಲಕ್ಕೆ ಮೊನ್ನೆ ಮೊನ್ನೆ ಕಾಲಿಟ್ಟ ನಮ್ಮವರಿಗೆ ಗ್ರಂಥಸ್ವಾಮ್ಯ ಅಂದರೆ ಬರೀ ದುಡ್ಡಲ್ಲ. ಸಾವಿರಾರು ವರ್ಷ ನಮ್ಮ ದುಡಿಮೆಯ ಮೇಲೆ ನಮ್ಮ ಹೆಸರಿರಲಿಲ್ಲ. ಕಟ್ಟಿದ ಗುಡಿಯ ಮೇಲಿರಲಿಲ್ಲ, ತೋಡಿದ ಬಾವಿಯ ಮೇಲಿರಲಿಲ್ಲ. ನಮ್ಮ ಅವ್ವಂದಿರು ಬೀಸುವಾಗ, ನಾಟಿ ಹಾಕುವಾಗ ಕಟ್ಟಿದ ಹಾಡುಗಳನ್ನು ಯಾರು ಯಾರೋ ಬರೆದುಕೊಂಡು ಸಂಪಾದಕರಾದರು, ಕ್ಯಾಸೆಟ್ಟು ಮಾಡಿ ಮಾರಿದರು. ಅವ್ವನಿಗೆ ಬಂದದ್ದು ಒಂದು ಎಲೆ ಅಡಿಕೆ. ಅದನ್ನು ಯಾವ ಕಾಯಿದೆಯೂ ಕಳ್ಳತನ ಅನ್ನಲಿಲ್ಲ. ಈಗ ಒಂದು ಪುಸ್ತಕದ ಬೆನ್ನಿನ ಮೇಲೆ ನಮ್ಮ ಹೆಸರು ಬಂದಿರುವಾಗ, ಹೆಸರಿನ ಮಾತೇ ಹಳತಾಯಿತು ಅಂತ ಹೇಳುವವರನ್ನು ಅನುಮಾನದಿಂದಲೇ ನೋಡುತ್ತೇವೆ. ಬಡ ಕವಿಯ ಪುಸ್ತಕವನ್ನು ಕದ್ದು ಅಚ್ಚು ಹಾಕಿ ಮಾರಿ ತಿನ್ನುವವನು ನಮ್ಮ ದೃಷ್ಟಿಯಲ್ಲಿ ಕಳ್ಳನೇ. ಅವನಿಗೆ ಕ್ರಾಂತಿಯ ಪಟ್ಟ ಬೇಡ.

ಆದರೆ ಗ್ರಂಥಸ್ವಾಮ್ಯ ಬೇರೆ, ಬೀಗ ಬೇರೆ. ಗ್ರಂಥಸ್ವಾಮ್ಯಕ್ಕೆ ಒಂದು ಕೊನೆ ಇದೆ. ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ಬಾಬಾಸಾಹೇಬರು ತಾವು ಬದುಕಿದ್ದಾಗ ಪ್ರಕಟಿಸಿದ ಬರಹಗಳು 2017ರ ಜನವರಿ 1ರಿಂದ ಎಲ್ಲರ ಸ್ವತ್ತು. ಜಾತಿವಿನಾಶದ ಆ ಭಾಷಣವನ್ನೇ ನೆನೆಯಿರಿ. ಲಾಹೋರಿನ ಮಂಡಲಿ ಕರೆದು, ಮಾತು ಖಾರವಾಯಿತು ಅಂತ ಸಭೆಯನ್ನೇ ರದ್ದು ಮಾಡಿದಾಗ, 1936ರಲ್ಲಿ ಅವರು ತಮ್ಮ ಖರ್ಚಿನಲ್ಲೇ 1,500 ಪ್ರತಿ ಅಚ್ಚು ಹಾಕಿಸಿದರು. ಅದು ಕೈಯಿಂದ ಕೈಗೆ ಹೋಯಿತು. ಓದಲು ಬಾರದವರಿಗೆ ಓದು ಬಂದವರು ಗಟ್ಟಿಯಾಗಿ ಓದಿ ಹೇಳಿದರು. ನಮ್ಮ ಚಳವಳಿ ಬೆಳೆದದ್ದೇ ಹಾಗೆ. ಒಂದು ಪುಸ್ತಕವನ್ನು ನೂರು ಜನ ಓದಿ, ಕೈಯಿಂದ ನಕಲು ಮಾಡಿ, ಹಾಸ್ಟೆಲಿನ ದೀಪದ ಕೆಳಗೆ ಒಬ್ಬ ಓದಿ ಹತ್ತು ಜನ ಕೇಳಿ. ಡಿಜಿಟಲ್ ಬೀಗಕ್ಕೆ ಪಂಚಾಂಗ ಗೊತ್ತಿಲ್ಲ. ಅರವತ್ತು ವರ್ಷ ಮುಗಿದರೂ ಅದು ತಾನೇ ತೆರೆದುಕೊಳ್ಳುವುದಿಲ್ಲ. ಪುಸ್ತಕವನ್ನು ಸ್ನೇಹಿತನಿಗೆ ಎರಡು ದಿನಕ್ಕೆ ಎರವಲು ಕೊಡುವುದೂ ಅದಕ್ಕೆ ತಿಳಿಯದು. ಕಂಪನಿ ಬೇಕೆಂದಾಗ ವಾಪಸು ಕಿತ್ತುಕೊಳ್ಳುವುದು ಮಾತ್ರ ತಿಳಿದಿದೆ: 2009ರ ಜುಲೈನಲ್ಲಿ ಅಮೆಜಾನ್ ಕಂಪನಿ ಜನ ದುಡ್ಡು ಕೊಟ್ಟು ಕೊಂಡಿದ್ದ ಜಾರ್ಜ್ ಆರ್ವೆಲ್‌ನ ಕಾದಂಬರಿಗಳನ್ನು ಅವರವರ ಕಿಂಡಲ್ ಯಂತ್ರದಿಂದಲೇ ಅಳಿಸಿಹಾಕಿತು. ದುಡ್ಡು ವಾಪಸು ಕೊಟ್ಟಿತು, ಆಮೇಲೆ ಕ್ಷಮೆಯನ್ನೂ ಕೇಳಿತು. ಇರಲಿ. ರಾತ್ರಿ ಮನೆಗೆ ನುಗ್ಗಿ ಪುಸ್ತಕ ಒಯ್ದು ಹಾಸಿಗೆ ಮೇಲೆ ದುಡ್ಡಿಟ್ಟು ಹೋದರೆ ಅದಕ್ಕೆ ನಾವು ಏನನ್ನುತ್ತೇವೆ?

ಹೀಗಾಗಿ ಬೀಗ ಮುರಿಯುವುದು ಸರಿಯೋ ತಪ್ಪೋ ಅಂತ ಒಟ್ಟಿಗೆ ಕೇಳುವ ಪ್ರಶ್ನೆ ನಮಗೆ ಅರ್ಧ ಪ್ರಶ್ನೆಯಾಗಿ ಕಾಣುತ್ತದೆ. ಬೀಗದ ಒಳಗೆ ಯಾರ ಹಕ್ಕು ಸಿಕ್ಕಿಕೊಂಡಿದೆ, ಬೀಗ ಯಾರ ಅನ್ನ ಕಾಯುತ್ತಿದೆ, ಎರಡನ್ನೂ ಕೇಳಬೇಕು. ಬರೆದವನ ಅನ್ನ ಕಾಯುವ ಬೀಗಕ್ಕೆ ನಾವು ಕೈ ಹಾಕುವುದಿಲ್ಲ. ಕೊಂಡವನ, ಕಲಿಯುವವನ, ಕಣ್ಣಿಲ್ಲದವನ ಹಕ್ಕನ್ನು ಒಳಗೆ ಕೂಡಿಹಾಕಿರುವ ಬೀಗ ತೆಗೆದವನನ್ನು ಅಪರಾಧಿ ಅನ್ನಲು ನಮ್ಮ ನಾಲಿಗೆ ಹೊರಳುವುದಿಲ್ಲ. ತೊಂದರೆ ಏನೆಂದರೆ ಎರಡೂ ಒಂದೇ ಬೀಗ. ಪ್ರೋಗ್ರಾಮ್ ಬರೆದವನಿಗೆ ಅದು ನಾಳೆ ಯಾರ ಕೈಗೆ ಹೋಗುತ್ತದೆ ಅಂತ ಗೊತ್ತಿರುವುದಿಲ್ಲ. ಕಮ್ಮಾರ ಕುಡುಗೋಲು ತಟ್ಟುವಾಗ ಅದು ಪೈರು ಕೊಯ್ಯುತ್ತದೋ ಕುತ್ತಿಗೆಯೋ ಅಂತ ಕೇಳುತ್ತಾ ಕೂತರೆ ಕುಲುಮೆ ಆರಿಹೋಗುತ್ತದೆ. ಹಾಗಂತ ಕುತ್ತಿಗೆ ಕೊಯ್ಯಲಿಕ್ಕೇ ಮಾಡಿಕೊಡು ಅಂತ ಬಂದವನಿಗೂ ತಟ್ಟಿಕೊಟ್ಟರೆ ಅವನೂ ಪಾಲುಗಾರನೇ. ಉದ್ದೇಶ ನೋಡಿದ ಆ ಸ್ಯಾನ್ ಹೋಸೆಯ ಜ್ಯೂರಿಯವರು ಕಾಯಿದೆ ಬರೆದವರಿಗಿಂತ ಬುದ್ಧಿವಂತರು ಅಂತ ನಮ್ಮ ಲೆಕ್ಕ.

ಈ ಬೀಗ ಪುಸ್ತಕಕ್ಕೇ ನಿಂತಿಲ್ಲ ಅಂತ ರೈತ ಸಂಘದ ಗೆಳೆಯರಿಗೂ ಹೇಳಬೇಕು. ಅಮೆರಿಕದಲ್ಲಿ ಟ್ರ್ಯಾಕ್ಟರಿನೊಳಗೂ ಪ್ರೋಗ್ರಾಮ್, ಅದಕ್ಕೂ ಬೀಗ. ಕೆಟ್ಟರೆ ಕಂಪನಿಯವನೇ ಬಂದು ತೆಗೆಯಬೇಕು. ರೈತ ತಾನೇ ರಿಪೇರಿಗೆ ತೆಗೆದುಕೊಳ್ಳಬಹುದು ಅಂತ ವಿನಾಯಿತಿ ಸಿಕ್ಕಿದ್ದು 2015ರಲ್ಲಿ. ಹೊರಗಿನ ಮೆಕ್ಯಾನಿಕ್ ಕೈಯಲ್ಲಿ ಮಾಡಿಸಬಹುದು ಅಂತ ಆದದ್ದು 2018ರಲ್ಲಿ. ಉಳುವವನೇ ಹೊಲದೊಡೆಯ ಅಂತ ನಮ್ಮಲ್ಲಿ 1974ರಲ್ಲಿ ಕಾಯಿದೆ ಬಂತು. ಅಲ್ಲಿ ಉಳುವವನು ತಾನು ಕೊಂಡ ಟ್ರ್ಯಾಕ್ಟರಿನ ಒಡೆಯನೋ ಅಲ್ಲವೋ ಅನ್ನೋದೇ ಇನ್ನೂ ವ್ಯಾಜ್ಯ.

ನಮ್ಮ ದೇಶದ ಕಾಯಿದೆ ಹೇಗಿದೆ? 2012ರಲ್ಲಿ ನಮ್ಮ ಕಾಪಿರೈಟ್ ಕಾಯಿದೆಗೆ 65ಎ ಎಂಬ ಸೆಕ್ಷನ್ ಸೇರಿತು. ಅದೂ ಇದರ ಮೂಲವಾದ 1996ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸೇರುವುದಕ್ಕೆ ಮೊದಲೇ, ಸೇರಿದ್ದು 2018ರಲ್ಲಿ. ಗ್ರಂಥಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ 2 ವರ್ಷದವರೆಗೆ ಜೈಲು, ಜೊತೆಗೆ ದಂಡ. ಉದ್ದೇಶದಿಂದ ಅನ್ನುವ ಆ ಒಂದು ಪದವನ್ನು ನಮ್ಮ ವಿದ್ಯಾರ್ಥಿಗಳು ಅಡಿಗೆರೆ ಎಳೆದು ಓದಬೇಕು. ಅಮೆರಿಕದ ಕಾಯಿದೆಗಿಂತ ಇದು ಎಷ್ಟೋ ಮೆದು. ಕಾಯಿದೆ ಸ್ಪಷ್ಟವಾಗಿ ನಿಷೇಧಿಸದ ಕೆಲಸಕ್ಕೆ ಬೀಗ ತೆಗೆದರೆ ಅಪರಾಧವಲ್ಲ ಅಂತಲೂ ಅಲ್ಲೇ ಬರೆದಿದೆ. ಅದೇ ತಿದ್ದುಪಡಿಯಲ್ಲಿ 52ನೇ ಸೆಕ್ಷನ್ನಿಗೆ ಇನ್ನೊಂದು ಅಂಶ ಸೇರಿತು: ಅಂಗವಿಕಲರು ಓದಲು, ಕೇಳಲು ಆಗುವ ರೂಪಕ್ಕೆ ಯಾವ ಕೃತಿಯನ್ನಾದರೂ ಯಾರು ಬೇಕಾದರೂ ಮಾರ್ಪಡಿಸಿಕೊಡಬಹುದು, ಲಾಭ ಮಾಡಬಾರದು ಅಷ್ಟೇ. ಕುರುಡರ ಓದಿಗಾಗಿ 2013ರಲ್ಲಿ ಮರಾಕೆಶ್ ನಗರದಲ್ಲಿ ಆದ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅಂಗೀಕರಿಸಿದ ದೇಶ ನಮ್ಮದು. ಸರ್ಕಾರವನ್ನು ಹೊಗಳುವ ಅಭ್ಯಾಸ ಈ ಪತ್ರಿಕೆಗಿಲ್ಲ. ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು.

ಮೇಷ್ಟ್ರುಗಳಿಗೆ ಸಂಬಂಧಿಸಿದ ಇನ್ನೊಂದು ತೀರ್ಪು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್‌ನಂಥ ದೊಡ್ಡ ಪ್ರಕಾಶಕರು ಸೇರಿ ದೆಹಲಿ ವಿಶ್ವವಿದ್ಯಾಲಯದ ಆವರಣದ ಒಂದು ಜೆರಾಕ್ಸ್ ಅಂಗಡಿಯ ಮೇಲೆ ದಾವೆ ಹೂಡಿದರು. 2016ರ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟು ಪಾಠಕ್ಕಾಗಿ ಮಾಡುವ ನಕಲು ಉಲ್ಲಂಘನೆಯಲ್ಲ ಎಂದು ದಾವೆ ವಜಾ ಮಾಡಿತು; ಡಿಸೆಂಬರಿನಲ್ಲಿ ಮೇಲಿನ ಪೀಠ ಪಾಠಕ್ಕೆ ಎಷ್ಟು ಬೇಕೋ ಅಷ್ಟು ಅನ್ನುವ ಅಳತೆ ಇಟ್ಟುಕೊಂಡು ಅದೇ ತತ್ವವನ್ನು ಒಪ್ಪಿತು; 2017ರಲ್ಲಿ ಪ್ರಕಾಶಕರು ದಾವೆಯನ್ನೇ ಹಿಂದಕ್ಕೆ ತೆಗೆದುಕೊಂಡರು. ಕಾಗದದ ಪುಸ್ತಕಕ್ಕೆ ಈ ಹಕ್ಕು ಗಟ್ಟಿಯಾಯಿತು. ಅದೇ ಪುಸ್ತಕ ಬೀಗದೊಳಗೆ ಬಂದಾಗ ಜೆರಾಕ್ಸ್ ಯಂತ್ರಕ್ಕೆ ಹಾಕುವುದು ಏನನ್ನು?

ಇಲ್ಲಿಗೆ ಆ 65ಎ ಸೆಕ್ಷನ್ನಿನ ಇನ್ನೊಂದು ಸಾಲನ್ನೂ ಹೇಳಿಬಿಡಬೇಕು. ನ್ಯಾಯವಾದ ಕೆಲಸಕ್ಕೇ ಆಗಲಿ, ಇನ್ನೊಬ್ಬರಿಗೆ ಬೀಗ ತೆಗೆಯಲು ನೆರವಾದವನು ಅವರ ಹೆಸರು, ವಿಳಾಸ, ಗುರುತಿನ ವಿವರ, ಯಾವ ಉದ್ದೇಶಕ್ಕೆ ಅಂತ ಪೂರ್ತಿ ಲೆಕ್ಕ ಬರೆದಿಡಬೇಕು. ಇವತ್ತು ಹಿಂದುಳಿದ ವರ್ಗದ, ಪರಿಶಿಷ್ಟರ ಹಾಸ್ಟೆಲುಗಳಲ್ಲಿ ಅನ್ನ ತಿಂದು ಇಂಜಿನಿಯರಿಂಗ್ ಓದಿದ ನಮ್ಮ ತಮ್ಮಂದಿರು, ತಂಗಿಯರು ಬೆಂಗಳೂರಿನ ಕಂಪನಿಗಳಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದಾರೆ. ಸಂಜೆ ಊರಿನಿಂದ ಫೋನು ಬರುತ್ತದೆ: ಅಣ್ಣಾ, ನಮ್ಮ ಶಾಲೇಲಿ ಒಬ್ಬ ಕಣ್ಣು ಕಾಣದ ಹುಡುಗ ಇದಾನೆ, ಈ ಪುಸ್ತಕ ಫೋನಲ್ಲಿ ಓದಿಸೋಕೆ ಬಿಡ್ತಾ ಇಲ್ಲ, ಏನಾದ್ರೂ ಮಾಡಿಕೊಡ್ತೀಯಾ? ಮಾಡಿಕೊಡಪ್ಪ, ಮಾಡಿಕೊಡಮ್ಮ. ಆದರೆ ಮೊದಲು ಒಂದು ರೂಲು ಹಾಕಿದ ನೋಟ್‌ಬುಕ್ ತಗೋ. ತಾರೀಖು ಬರಿ, ಹುಡುಗನ ಹೆಸರು ಬರಿ, ಊರು, ಶಾಲೆ, ಪುಸ್ತಕದ ಹೆಸರು ಬರಿ, ಕಣ್ಣಿಲ್ಲದ ವಿದ್ಯಾರ್ಥಿಯ ಓದಿಗೆ ಅಂತ ಸ್ಪಷ್ಟವಾಗಿ ಬರಿ. ಒಂದು ಪೈಸೆ ತಗೋಬೇಡ. ತೆಗೆದ ಪುಸ್ತಕವನ್ನು ಆ ಹುಡುಗನಿಗೆ ಬಿಟ್ಟು ಇನ್ನೊಬ್ಬರಿಗೆ ಕಳಿಸಬೇಡ. ನೀನು ಬಳಸಿದ ಪ್ರೋಗ್ರಾಮಿನ ವಿಷಯ ಅಮೆರಿಕದ ಕಂಪನಿಯ ಕೆಲಸದ ಯಂತ್ರದಲ್ಲಿ ಇಟ್ಟುಕೊಳ್ಳಬೇಡ. ಅಲ್ಲಿಗೆ ಪ್ರಯಾಣ ಹೋಗುವ ದಿನ ಬಂದರೆ ಸ್ಕ್ಲ್ಯಾರೊವ್‌ನನ್ನು ನೆನಪಿಟ್ಟುಕೋ. ಆ ನೋಟ್‌ಬುಕ್ಕನ್ನು ಮಾತ್ರ ಜೋಪಾನವಾಗಿ ಇಡು.